ಬರಿಯ ಜಾವಾಸ್ಕ್ರಿಪ್ಟ್‌ನಲ್ಲಿ ಬರೆದ ಪುಟದ ಆಯಸ್ಸು

ಲೈಬ್ರರಿ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡ್, ಬೇಕೇ ಬೇಡವೇ ಎಂಬ ಚರ್ಚೆ ವೆಬ್ ಕಟ್ಟುವವರ ನಡುವೆ ಎದ್ದಾಗಲೆಲ್ಲ ಮಾತು ಬಹುಬೇಗ ಕಿಲೋಬೈಟ್‌ಗಳ ಲೆಕ್ಕಕ್ಕೆ ಇಳಿಯುತ್ತದೆ. ಆ ಲೆಕ್ಕ ಸುಳ್ಳಲ್ಲ, ಮುಂದೆ ನಾನೂ ಅದಕ್ಕೆ ಬರುತ್ತೇನೆ. ಆದರೆ ಬಹುಕಾಲದಿಂದ ಈ ಕೆಲಸ ಮಾಡುತ್ತ ಬಂದಿರುವ ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಇನ್ನೊಂದು ಲೆಕ್ಕ. ಇವತ್ತು ಬರೆದ ಪುಟವನ್ನು ಯಾರೂ ಮುಟ್ಟದೆ ಬಿಟ್ಟರೆ ಅದು ಎಷ್ಟು ವರ್ಷ ಓಡೀತು, ಮುಟ್ಟಲೇಬೇಕಾಗಿ ಬಂದ ದಿನ ಅದನ್ನು ತೆರೆದವರಿಗೆ ಎಷ್ಟು ಅರ್ಥವಾದೀತು ಎಂಬ ಲೆಕ್ಕ ಅದು. ಹೊರಗಿನ ಲೈಬ್ರರಿಗಳನ್ನು ತರದೆ, ಬ್ರೌಸರ್ ತಾನೇ ಓಡಿಸುವ ಭಾಷೆಯಾದ ಬರಿಯ ಜಾವಾಸ್ಕ್ರಿಪ್ಟ್‌ನಲ್ಲೇ ತಾಣ ಕಟ್ಟುವ ಅಭ್ಯಾಸಕ್ಕೆ ನಾನು ಅಂಟಿಕೊಂಡಿರುವುದು ಮುಖ್ಯವಾಗಿ ಈ ಕಾರಣಕ್ಕೆ. ಅದು ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲುವುದಿಲ್ಲ ಎಂಬುದನ್ನು ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

2012ರಲ್ಲಿ ‘ವೆನಿಲಾ ಜೆಎಸ್’ ಎಂಬ, ತಾಣಕ್ಕೆ ಸಿದ್ಧ ಚೌಕಟ್ಟು ಒದಗಿಸುವ ಹೊಸ ಫ್ರೇಮ್‌ವರ್ಕ್ ಬಂದಿದೆಯೆಂದು ಸಾರುವ ಪುಟವೊಂದು ಹುಟ್ಟಿಕೊಂಡಿತು. ಅದು ಅತಿ ವೇಗದ್ದು, ಅತಿ ಹಗುರದ್ದು, ಜಗತ್ತಿನ ದೊಡ್ಡ ದೊಡ್ಡ ಕಂಪನಿಗಳೆಲ್ಲ ಅದನ್ನೇ ಬಳಸುತ್ತಿವೆ ಎಂದೆಲ್ಲ ಅಲ್ಲಿ ಬಣ್ಣನೆಯಿತ್ತು. ಬೇಕಾದ ಭಾಗಗಳಿಗೆ ಗುರುತು ಹಾಕಿ ಡೌನ್‌ಲೋಡ್ ಮಾಡಿಕೊಂಡರೆ ಸಿಗುತ್ತಿದ್ದುದು ಖಾಲಿ ಫೈಲು, ಏಕೆಂದರೆ ‘ವೆನಿಲಾ ಜೆಎಸ್’ ಎಂದರೆ ಬ್ರೌಸರ್‌ನಲ್ಲಿ ಮೊದಲೇ ಇರುವ ಬರಿಯ ಜಾವಾಸ್ಕ್ರಿಪ್ಟೇ. ಗಾತ್ರ 0 ಬೈಟ್, ಜಿಜಿಪ್‌ನಿಂದ ಕುಗ್ಗಿಸಿದರೆ 25 ಬೈಟ್! ಬ್ರೌಸರ್ ಒಳಗೇ ಇರುವುದನ್ನು ನೋಡದೆ ಪುಟದ ಒಂದು ಎಲಿಮೆಂಟನ್ನು (ಬಟನ್, ಪಟ್ಟಿಯಂಥ ಒಂದು ಅಂಗವನ್ನು) ಹುಡುಕಲಿಕ್ಕೂ ಲೈಬ್ರರಿ ಎಳೆದು ತರುತ್ತಿದ್ದ ಕಾಲದಲ್ಲಿ ಆ ತಮಾಷೆ ತಟ್ಟಬೇಕಾದವರಿಗೆ ತಟ್ಟಿತು.

ಹಾಗೆಂದು ಲೈಬ್ರರಿಗಳನ್ನು ಹಳಿಯುವುದು ಕೃತಘ್ನತೆಯಾದೀತು. 1995ರಲ್ಲಿ ಬ್ರೌಸರ್ ಕಂಪನಿಯಾದ ನೆಟ್‌ಸ್ಕೇಪ್‌ನಲ್ಲಿದ್ದ ಬ್ರೆಂಡನ್ ಐಕ್ ಹತ್ತು ದಿನಗಳಲ್ಲಿ ಜಾವಾಸ್ಕ್ರಿಪ್ಟ್‌ನ ಮೊದಲ ರೂಪವನ್ನು ಸಿದ್ಧಪಡಿಸಿದರು. 1997ರಲ್ಲಿ ಇಕ್ಮಾಸ್ಕ್ರಿಪ್ಟ್ ಎಂಬ ಹೆಸರಿನಲ್ಲಿ ಭಾಷೆಗೆ ಒಂದು ಪ್ರಮಾಣವೂ ದೊರೆಯಿತು. ಆದರೆ ಪುಟದ ಎಲಿಮೆಂಟ್‌ಗಳನ್ನು ಮುಟ್ಟುವ, ಕ್ಲಿಕ್ಕುಗಳನ್ನು ಆಲಿಸುವ, ಸರ್ವರ್‌ನಿಂದ ಮಾಹಿತಿ ತರಿಸುವ ವಿಧಾನಗಳ ವಿಷಯದಲ್ಲಿ ಬ್ರೌಸರ್‌ಗಳ ನಡುವೆ ಬಹಳ ಕಾಲ ಒಮ್ಮತವಿರಲಿಲ್ಲ. ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಅಟ್ಯಾಚ್‌ಇವೆಂಟ್ ಎಂದು ಬರೆಯಬೇಕಾದ ಕಡೆ ಉಳಿದವುಗಳಲ್ಲಿ ಆಡ್‌ಇವೆಂಟ್‌ಲಿಸನರ್ ಎಂದು ಬರೆಯಬೇಕಿತ್ತು. ಕ್ಲಿಕ್ ಆದ ಎಲಿಮೆಂಟ್ ಯಾವುದು ಎಂಬುದಕ್ಕೂ ಎರಡು ಕಡೆ ಎರಡು ಹೆಸರು. ಎಲ್ಲರ ದಾರಿಗೆ ಎಕ್ಸ್‌ಪ್ಲೋರರ್ ಬಂದದ್ದು 2011ರ ಒಂಬತ್ತನೆಯ ಆವೃತ್ತಿಯಲ್ಲಿ. ಅಲ್ಲಿಯವರೆಗೆ ಪ್ರತಿಯೊಂದು ಫಂಕ್ಷನ್ನಿನ (ಒಂದು ಕೆಲಸ ಮಾಡುವ ಕೋಡಿನ ತುಣುಕಿನ) ತಲೆಯಲ್ಲೂ ‘ಇದು ಯಾವ ಬ್ರೌಸರ್’ ಎಂದು ವಿಚಾರಿಸುವ ಸಾಲುಗಳು ಇರಲೇಬೇಕಾಗಿತ್ತು.

2006ರಲ್ಲಿ ಜಾನ್ ರೆಸಿಗ್ ಹೊರತಂದ ಜೇಕ್ವೆರಿ ಎಂಬ ಲೈಬ್ರರಿ ಈ ರಗಳೆಯನ್ನೆಲ್ಲ ತನ್ನ ಹೊಟ್ಟೆಗೆ ಹಾಕಿಕೊಂಡಿತು. ಪುಟದ ಅಂದವನ್ನು ಬರೆಯುವ ಸಿಎಸ್‌ಎಸ್‌ನ ಸೆಲೆಕ್ಟರನ್ನೇ (ಎಲಿಮೆಂಟನ್ನು ಗುರುತಿಸುವ ಬರವಣಿಗೆಯನ್ನೇ) ಕೊಟ್ಟು ಎಲಿಮೆಂಟ್‌ಗಳನ್ನು ಹಿಡಿಯುವ ಅದರ ಶೈಲಿ ಎಷ್ಟು ಸಹಜವಾಗಿತ್ತೆಂದರೆ, ಕೆಲವೇ ವರ್ಷಗಳಲ್ಲಿ ಬ್ರೌಸರ್‌ಗಳೇ ಕ್ವೆರಿಸೆಲೆಕ್ಟರ್ ಎಂಬ ಹೆಸರಿನಲ್ಲಿ ಅದನ್ನು ತಮ್ಮೊಳಗೆ ತಂದುಕೊಂಡವು. ಎಲಿಮೆಂಟಿಗೆ ಕ್ಲಾಸ್ ಎಂಬ ಗುರುತುಹೆಸರು ಸೇರಿಸಿ ತೆಗೆಯಲು ಕ್ಲಾಸ್‌ಲಿಸ್ಟ್ ಬಂತು. 2015ರಲ್ಲಿ ಮಾಹಿತಿ ತರಿಸಲು ಫೆಚ್ ಬಂತು. ಅದೇ ವರ್ಷ ಭಾಷೆಯೂ ಹೊಸ ಹುಟ್ಟು ಪಡೆದಂತೆ ಕ್ಲಾಸ್, ಪ್ರಾಮಿಸ್, ಮಾಡ್ಯೂಲ್, ಬಾಣದ ಗುರುತಿನ ಫಂಕ್ಷನ್, ಟೆಂಪ್ಲೇಟ್ ಸ್ಟ್ರಿಂಗ್‌ಗಳನ್ನೆಲ್ಲ ಒಟ್ಟಿಗೆ ಗಳಿಸಿಕೊಂಡಿತು. 2018ರಲ್ಲಿ ಕೋಡ್ ಇಡುವ ತಾಣವಾದ ಗಿಟ್‌ಹಬ್ ತನ್ನ ತಾಣದಿಂದ ಜೇಕ್ವೆರಿಯನ್ನು ಸಂಪೂರ್ಣವಾಗಿ ತೆಗೆದುಹಾಕಿತು, 2021ರಲ್ಲಿ ಪುಟದ ವಿನ್ಯಾಸಕ್ಕೆ ಬಳಸುವ ಬೂಟ್‌ಸ್ಟ್ರಾಪ್‌ನ ಐದನೆಯ ಆವೃತ್ತಿ ಅದರ ಹಂಗು ಬಿಟ್ಟಿತು, 2022ರ ಜೂನ್‌ನಲ್ಲಿ ಮೈಕ್ರೋಸಾಫ್ಟ್ ಇಂಟರ್ನೆಟ್ ಎಕ್ಸ್‌ಪ್ಲೋರರ್‌ಗೇ ನಿವೃತ್ತಿ ಕೊಟ್ಟಿತು. ಜೇಕ್ವೆರಿ ಸೋತಿತು ಎಂದು ಇದನ್ನು ಓದಬಾರದು. ತಾನು ಹೇಳಬೇಕಾದದ್ದನ್ನು ಬ್ರೌಸರ್‌ಗಳಿಗೆ ಕಲಿಸಿ ಮುಗಿಸಿದ ಲೈಬ್ರರಿ ಅದು. ಅದರ ಕೆಲಸ ಮುಗಿದಿರುವುದು ಗೊತ್ತಿಲ್ಲದೆ ಅದನ್ನು ಹೊಸ ಪುಟಗಳಿಗೂ ಸೇರಿಸುತ್ತಿರುವುದು ನಮ್ಮ ಅಭ್ಯಾಸಬಲವೇ ಹೊರತು ಅದರ ತಪ್ಪಲ್ಲ.

ಇನ್ನು ಆಯಸ್ಸಿನ ಮಾತು. ವೆಬ್‌ನ ಪ್ರಮಾಣಗಳನ್ನು ರೂಪಿಸುವವರು ಪಾಲಿಸಿಕೊಂಡು ಬಂದಿರುವ ಒಂದು ನೇಮವಿದೆ: ಈಗಾಗಲೇ ಇರುವ ಪುಟಗಳು ಮುರಿಯಬಾರದು. ಇದನ್ನು ಅವರು ಎಷ್ಟು ಗಂಭೀರವಾಗಿ ತೆಗೆದುಕೊಳ್ಳುತ್ತಾರೆ ಎಂಬುದಕ್ಕೆ 2018ರ ಪ್ರಸಂಗವೊಂದು ಸಾಕ್ಷಿ. ಒಂದರೊಳಗೊಂದು ಹುದುಗಿದ ಅರೇಗಳನ್ನು (ಮೌಲ್ಯಗಳ ಪಟ್ಟಿಗಳನ್ನು) ಬಿಡಿಸಿ ಒಂದೇ ಅರೇ ಮಾಡುವ ವಿಧಾನವನ್ನು ಭಾಷೆಗೆ ಸೇರಿಸಲು ತೀರ್ಮಾನವಾಗಿ, ಅದಕ್ಕೆ ‘ಫ್ಲಾಟನ್’ ಎಂಬ ಹೆಸರೂ ನಿಗದಿಯಾಗಿತ್ತು. ಆದರೆ ಮೂಟೂಲ್ಸ್ ಎಂಬ ಹಳೆಯ ಲೈಬ್ರರಿ ವರ್ಷಗಳ ಹಿಂದೆಯೇ ಭಾಷೆಯ ಮೂಲ ಅರೇಗೆ ಅದೇ ಹೆಸರಿನ ತನ್ನ ವಿಧಾನವನ್ನು ಅಂಟಿಸಿಬಿಟ್ಟಿತ್ತು. ಹೊಸ ಸೌಲಭ್ಯವನ್ನು ಪರೀಕ್ಷೆಗೆಂದು ಫೈರ್‌ಫಾಕ್ಸ್‌ನ ನೈಟ್ಲಿ ಆವೃತ್ತಿಯಲ್ಲಿ ಇಟ್ಟಾಗ ಮೂಟೂಲ್ಸ್ ಬಳಸಿದ್ದ ತಾಣವೊಂದು ಕೆಟ್ಟು ನಿಂತಿತು. ಅಷ್ಟು ಸಾಕಾಯಿತು. ‘ಸ್ಮೂಶ್’ ಎಂದು ಕರೆಯೋಣ ಎಂಬ ಅರ್ಧ ತಮಾಷೆಯ ಸಲಹೆಯ ಸುತ್ತ ಒಂದಷ್ಟು ಗದ್ದಲವೂ ಆಗಿ, ಕೊನೆಗೆ 2019ರ ಪ್ರಮಾಣದಲ್ಲಿ ಅದು ‘ಫ್ಲಾಟ್’ ಎಂಬ ಹೆಸರಿನಲ್ಲಿ ಸೇರಿಕೊಂಡಿತು. ಹೊಸದಾಗಿ ಯಾರೂ ಬಳಸದ ಲೈಬ್ರರಿಯೊಂದರ ಹಳೆಯ ಪುಟಗಳ ಸಲುವಾಗಿ ಇಡೀ ಜಗತ್ತು ಬಳಸುವ ಭಾಷೆ ದಾರಿ ಬಿಟ್ಟು ಪಕ್ಕಕ್ಕೆ ಸರಿಯಿತು.

ಇಂಥ ಮಾತು ಕೊಡಬಲ್ಲ ಲೈಬ್ರರಿ ಯಾವುದೂ ಇಲ್ಲ. ಕೊಡಬೇಕೆಂದು ಕೇಳುವುದೂ ನ್ಯಾಯವಲ್ಲ. 2010ರಲ್ಲಿ ಬಂದ ಫ್ರೇಮ್‌ವರ್ಕ್ ಆದ ಆಂಗ್ಯುಲರ್‌ಜೆಎಸ್‌ನ ಜಾಗಕ್ಕೆ 2016ರಲ್ಲಿ ಬಂದ ಆಂಗ್ಯುಲರ್, ಹೆಸರಿನಲ್ಲಿ ಮಾತ್ರ ಅದರ ಸಂಬಂಧಿ. ಹಳೆಯದಕ್ಕೆ 2021ರ ಕೊನೆಯಲ್ಲಿ ಬೆಂಬಲ ನಿಂತಿತು. ವ್ಯೂ ಎಂಬ ಇನ್ನೊಂದು ಫ್ರೇಮ್‌ವರ್ಕ್‌ನ ಎರಡನೆಯ ಆವೃತ್ತಿಯ ಆಯಸ್ಸು 2023ರ ಡಿಸೆಂಬರ್ 31ಕ್ಕೆ ಮುಗಿಯಿತು. ಹಿಂದಿನದನ್ನು ಮುರಿಯದೆ ಸಾಗುವುದರಲ್ಲಿ ರಿಯಾಕ್ಟ್ ಎಂಬ ಲೈಬ್ರರಿ ಇವೆರಡಕ್ಕಿಂತ ಮೇಲು, ಆದರೂ 2019ರಲ್ಲಿ ಹುಕ್ಸ್ ಎಂಬ ಹೊಸ ಶೈಲಿ ಬಂದ ಮೇಲೆ ಅದಕ್ಕೆ ಮುಂಚಿನ ಕ್ಲಾಸ್ ಮಾದರಿಯ ಕೋಡ್ ಓಡುತ್ತಿದ್ದರೂ ಹಳೆಯ ಶಾಸನದಂತೆ ಓದಿಸಿಕೊಳ್ಳುತ್ತದೆ. ಲೈಬ್ರರಿಗಿಂತ ಮೊದಲು ಕೈಕೊಡುವುದು ಅದರ ಸುತ್ತಲಿನ ಬಿಲ್ಡ್ ಸಲಕರಣೆಗಳು, ಅಂದರೆ ಬರೆದ ಕೋಡನ್ನು ಬ್ರೌಸರ್‌ಗೆ ಒಪ್ಪುವಂತೆ ಸಿದ್ಧಗೊಳಿಸುವ ತಂತ್ರಾಂಶಗಳು. ಕೆಲವು ವರ್ಷ ಮುಟ್ಟದೆ ಬಿಟ್ಟ ಪ್ರಾಜೆಕ್ಟನ್ನು ತೆರೆದು ಒಂದು ತಪ್ಪಕ್ಷರ ತಿದ್ದಲು ಹೊರಟವರಿಗೆ ಈ ಪಾಡು ಗೊತ್ತು. ಪ್ಯಾಕೇಜುಗಳು ಇನ್‌ಸ್ಟಾಲ್ ಆಗುವುದಿಲ್ಲ, ಆದವು ಈಗಿನ ನೋಡ್ (ಈ ಸಲಕರಣೆಗಳನ್ನು ಓಡಿಸುವ ತಂತ್ರಾಂಶ) ಜೊತೆ ಕೂಡುವುದಿಲ್ಲ, ಹಳೆಯ ನೋಡ್ ತಂದರೆ ಅದರಲ್ಲಿ ಇನ್ನೊಂದು ಸಲಕರಣೆ ಕಂಪೈಲ್ ಆಗುವುದಿಲ್ಲ. ಒಂದು ಅಕ್ಷರ ತಿದ್ದುವುದಕ್ಕೆ ಇಡೀ ದಿನ ಕಳೆದಿರುತ್ತದೆ. ಅದೇ ಕಾಲದಲ್ಲಿ ಬರಿಯ ಜಾವಾಸ್ಕ್ರಿಪ್ಟ್‌ನಲ್ಲಿ ಬರೆದಿಟ್ಟ ಫೈಲನ್ನು ಯಾವುದಾದರೊಂದು ಎಡಿಟರ್‌ನಲ್ಲಿ ತೆರೆದು, ತಿದ್ದಿ, ಸರ್ವರ್‌ಗೆ ಏರಿಸಿದರೆ ಮುಗಿಯಿತು.

ಹೊರಗಿನ ಕೋಡನ್ನು ನಂಬುವುದಕ್ಕೆ ಇನ್ನೊಂದು ಬೆಲೆಯೂ ಇದೆ. 2016ರ ಮಾರ್ಚ್‌ನಲ್ಲಿ ಎನ್‌ಪಿಎಂ ಎಂಬ ಪ್ಯಾಕೇಜುಗಳ ಸಾರ್ವಜನಿಕ ಭಂಡಾರದಿಂದ ಲೆಫ್ಟ್‌ಪ್ಯಾಡ್ ಎಂಬ ಪುಟ್ಟ ಪ್ಯಾಕೇಜನ್ನು ಅದರ ಕರ್ತೃ ಹಿಂತೆಗೆದುಕೊಂಡಾಗ ಜಗತ್ತಿನಾದ್ಯಂತ ಬಿಲ್ಡ್‌ಗಳು ನಿಂತುಹೋದವು. ಸ್ಟ್ರಿಂಗಿನ (ಅಕ್ಷರಗಳ ಸಾಲಿನ) ಎಡಭಾಗಕ್ಕೆ ಅಕ್ಷರಗಳನ್ನು ತುಂಬಿ ಉದ್ದ ಸರಿಮಾಡುವ 11 ಸಾಲಿನ ಕೋಡ್ ಅದು. ಮರುವರ್ಷ ಆ ಕೆಲಸ ಪ್ಯಾಡ್‌ಸ್ಟಾರ್ಟ್ ಎಂಬ ಹೆಸರಿನಲ್ಲಿ ಭಾಷೆಯೊಳಗೇ ಸೇರಿತು. 2018ರಲ್ಲಿ ಇವೆಂಟ್‌ಸ್ಟ್ರೀಮ್ ಎಂಬ ಜನಪ್ರಿಯ ಪ್ಯಾಕೇಜಿನ ಉಸ್ತುವಾರಿಯನ್ನು ಅಪರಿಚಿತರೊಬ್ಬರು ವಹಿಸಿಕೊಂಡು, ಬಿಟ್‌ಕಾಯಿನ್ ವಾಲೆಟ್‌ಗಳನ್ನು ದೋಚುವ ಕೋಡನ್ನು ಅದರೊಳಗೆ ತೂರಿಸಿದರು. 2024ರ ಜೂನ್‌ನಲ್ಲಿ ಆದದ್ದು ಇನ್ನೂ ವಿಚಿತ್ರ. ಹಳೆಯ ಬ್ರೌಸರ್‌ಗಳ ಕೊರತೆಯನ್ನು ತುಂಬಿಕೊಡಲೆಂದು ಲಕ್ಷಕ್ಕೂ ಹೆಚ್ಚು ತಾಣಗಳು ಸ್ಕ್ರಿಪ್ಟ್ ತರಿಸಿಕೊಳ್ಳುತ್ತಿದ್ದ ಪಾಲಿಫಿಲ್ ಸೇವೆಯ ಡೊಮೈನ್ ಬೇರೆಯವರಿಗೆ ಮಾರಾಟವಾಗಿ, ಆ ತಾಣಗಳಿಗೆ ಬಂದ ಮೊಬೈಲ್ ಬಳಕೆದಾರರು ಬೆಟ್ಟಿಂಗ್ ಪುಟಗಳಿಗೆ ಹೋಗಿ ಬೀಳತೊಡಗಿದರು. ಆ ಹೊತ್ತಿಗೆ ಆ ಸೇವೆ ತುಂಬಿಕೊಡುತ್ತಿದ್ದ ಕೊರತೆಗಳು ಹೆಚ್ಚುಕಡಿಮೆ ಯಾವ ಬ್ರೌಸರ್‌ನಲ್ಲೂ ಉಳಿದಿರಲಿಲ್ಲ. ಹಾಕಿದ್ದ ಸಾಲನ್ನು ತೆಗೆಯಲು ಯಾರಿಗೂ ನೆನಪಿರಲಿಲ್ಲ, ಅಷ್ಟೆ.

ಕಿಲೋಬೈಟ್‌ಗಳ ಲೆಕ್ಕವನ್ನು ಚಿಕ್ಕದಾಗಿ ಮುಗಿಸುತ್ತೇನೆ. ಚಿತ್ರವೊಂದರ 100 ಕಿಲೋಬೈಟ್‌ಗೂ ಜಾವಾಸ್ಕ್ರಿಪ್ಟ್‌ನ 100 ಕಿಲೋಬೈಟ್‌ಗೂ ವ್ಯತ್ಯಾಸವಿದೆ. ಚಿತ್ರ ಬಂದ ಮೇಲೆ ಅದನ್ನು ಡಿಕೋಡ್ ಮಾಡಿ ತೋರಿಸಿದರೆ ಆಯಿತು. ಸ್ಕ್ರಿಪ್ಟನ್ನು ಓದಿ, ಕಂಪೈಲ್ ಮಾಡಿ, ಓಡಿಸಬೇಕು. ಅದು ಓಡುವಷ್ಟು ಹೊತ್ತೂ ಬಳಕೆದಾರರ ಸ್ಪರ್ಶಕ್ಕೆ ಪುಟ ಓಗೊಡುವುದಿಲ್ಲ, ಏಕೆಂದರೆ ಎರಡೂ ಕೆಲಸ ಒಂದರ ಹಿಂದೊಂದಾಗಿ ಒಂದೇ ಥ್ರೆಡ್‌ನ ಮೇಲೆ ನಡೆಯುತ್ತವೆ. ಅಗ್ಗದ ಫೋನಿನಲ್ಲಿ ಈ ಹೊತ್ತು ಹಲವು ಪಟ್ಟು ಹಿಗ್ಗುತ್ತದೆ. 2017ರಲ್ಲಿ ನೆಟ್‌ಫ್ಲಿಕ್ಸ್ ತನ್ನ ಲಾಗಿನ್ ಆಗದವರಿಗೆ ಕಾಣುವ ಮುಖಪುಟದಲ್ಲಿ ರಿಯಾಕ್ಟನ್ನು ಸರ್ವರ್‌ನಲ್ಲಿ ಮಾತ್ರ ಉಳಿಸಿಕೊಂಡು ಬ್ರೌಸರ್ ಪಾಲಿನ ಕೆಲಸವನ್ನು ಬರಿಯ ಜಾವಾಸ್ಕ್ರಿಪ್ಟ್‌ಗೆ ವಹಿಸಿದಾಗ 200 ಕಿಲೋಬೈಟ್‌ಗೂ ಹೆಚ್ಚು ಸ್ಕ್ರಿಪ್ಟ್ ಕಡಿಮೆಯಾಯಿತು, ಪುಟ ಬಳಕೆಗೆ ಸಿದ್ಧವಾಗುವ ಸಮಯ ಅರ್ಧಕ್ಕಿಳಿಯಿತು. ಗಮನಿಸಬೇಕಾದದ್ದು, ಅವರು ರಿಯಾಕ್ಟನ್ನು ಬಿಡಲಿಲ್ಲ. ಅದು ಬೇಕಿಲ್ಲದ ಜಾಗದಲ್ಲಿ ಮಾತ್ರ ತೆಗೆದರು.

ಇದೆಲ್ಲ ಕಾರಣಗಳ ಪಟ್ಟಿಯಾಯಿತು. ಕೆಲಸ ಹೇಗಿರುತ್ತದೆ ಎಂಬುದನ್ನು ತೋರಿಸದಿದ್ದರೆ ಇಂಥ ಬರಹ ಬೋಧನೆಯಾಗಿಬಿಡುತ್ತದೆ. ಆದ್ದರಿಂದ ಒಂದು ಸಾಮಾನ್ಯ ಪುಟವನ್ನು ತೆಗೆದುಕೊಳ್ಳುತ್ತೇನೆ: ಕೆಲವು ನೂರು ಪುಸ್ತಕಗಳ ಪಟ್ಟಿ, ಮೇಲೆ ಹುಡುಕುವ ಪೆಟ್ಟಿಗೆ, ಟೈಪ್ ಮಾಡುತ್ತ ಹೋದಂತೆ ಕೆಳಗಿನ ಪಟ್ಟಿ ಸೋಸಿಕೊಳ್ಳಬೇಕು, ಪ್ರತಿ ಪುಸ್ತಕದ ಎದುರಿಗೂ ‘ನೆನಪಿಟ್ಟುಕೋ’ ಎಂಬ ಬಟನ್ ಇರಬೇಕು. ನಾನು ಮೊದಲು ಬರೆಯುವುದು ಎಚ್‌ಟಿಎಂಎಲ್ ಮಾತ್ರ. ಪಟ್ಟಿ ಸರ್ವರ್‌ನಿಂದಲೇ ಪೂರ್ತಿಯಾಗಿ ಬರುತ್ತದೆ, ಹುಡುಕುವ ಪೆಟ್ಟಿಗೆ ಒಂದು ಫಾರ್ಮಿನೊಳಗೆ ಇರುತ್ತದೆ, ಎಂಟರ್ ಒತ್ತಿದರೆ ಹುಡುಕಿದ ಮಾತು ಯುಆರ್‌ಎಲ್‌ಗೆ ಸೇರಿ ಸರ್ವರ್ ಸೋಸಿದ ಪಟ್ಟಿಯನ್ನು ಕಳಿಸುತ್ತದೆ. ಜಾವಾಸ್ಕ್ರಿಪ್ಟ್‌ನ ಒಂದು ಸಾಲೂ ಇಲ್ಲದೆ ಪುಟ ಈಗಲೇ ಕೆಲಸ ಮಾಡುತ್ತಿದೆ. ಇನ್ನು ಮುಂದೆ ಬರೆಯುವ ಸ್ಕ್ರಿಪ್ಟ್ ಅದನ್ನು ಚುರುಕುಗೊಳಿಸುತ್ತದೆ. ಕಾರಣಾಂತರದಿಂದ ಆ ಸ್ಕ್ರಿಪ್ಟ್ ಬಂದು ತಲುಪದಿದ್ದರೆ ಬಳಕೆದಾರರು ಕಳೆದುಕೊಳ್ಳುವುದು ಆ ಚುರುಕನ್ನು ಮಾತ್ರ.

ಬಟನ್‌ಗಳ ವಿಷಯದಲ್ಲಿ ಹೊಸಬರು ಸಾಮಾನ್ಯವಾಗಿ ಪ್ರತಿ ಬಟನ್‌ಗೂ ಒಂದೊಂದು ಲಿಸನರ್ (ಕ್ಲಿಕ್ಕನ್ನು ಆಲಿಸುವ ಕೋಡ್) ಕಟ್ಟುತ್ತಾರೆ. ಪಟ್ಟಿ ಬದಲಾದಾಗಲೆಲ್ಲ ಹೊಸ ಬಟನ್‌ಗಳಿಗೆ ಮತ್ತೆ ಕಟ್ಟಬೇಕು, ಹಳೆಯವನ್ನು ಮರೆಯದೆ ಬಿಚ್ಚಬೇಕು. ಅದರ ಬದಲು ಇಡೀ ಪಟ್ಟಿಯ ಮೇಲೆ ಒಂದೇ ಲಿಸನರ್ ಇಟ್ಟರೆ ಸಾಕು. ಯಾವ ಬಟನ್ ಒತ್ತಿದರೂ ಆ ಕ್ಲಿಕ್ ಗುಳ್ಳೆಯಂತೆ ಮೇಲೇರಿ ಪಟ್ಟಿಯವರೆಗೆ ಬರುತ್ತದೆ. ಬಂದಾಗ ಕ್ಲೋಸೆಸ್ಟ್ ಎಂಬ ವಿಧಾನದಿಂದ ಅದು ಹುಟ್ಟಿದ ಬಟನ್ ಯಾವುದು, ಅದು ಯಾವ ಪುಸ್ತಕದ್ದು ಎಂದು ಕೇಳಿ ತಿಳಿದುಕೊಳ್ಳಬಹುದು. ಹೊಸ ಸಾಲುಗಳನ್ನು ಸೇರಿಸಬೇಕಾದರೆ ಪುಟದಲ್ಲೇ ಒಂದು ಟೆಂಪ್ಲೇಟ್ ಎಲಿಮೆಂಟ್ ಇಟ್ಟು, ಅದರ ಪ್ರತಿ ತೆಗೆದು, ಶೀರ್ಷಿಕೆ ಮತ್ತು ಲೇಖಕರ ಹೆಸರು ತುಂಬಿ ಪಟ್ಟಿಗೆ ಸೇರಿಸುವುದು. ಪುಟದ ಆಕಾರ ಎಚ್‌ಟಿಎಂಎಲ್‌ನಲ್ಲೇ ಉಳಿಯುತ್ತದೆ, ಸ್ಕ್ರಿಪ್ಟಿನೊಳಗೆ ಟ್ಯಾಗುಗಳ ಕಂತೆ ಬೆಳೆಯುವುದಿಲ್ಲ.

ಹುಡುಕುವ ಪೆಟ್ಟಿಗೆಯಲ್ಲಿ ಮಾತ್ರ ಒಂದು ಸೂಕ್ಷ್ಮವಿದೆ. ಟೈಪ್ ಮಾಡಿದಾಗಲೆಲ್ಲ ಪೆಟ್ಟಿಗೆಯೂ ಸೇರಿದಂತೆ ಇಡೀ ಭಾಗವನ್ನು ಇನ್ನರ್‌ಎಚ್‌ಟಿಎಂಎಲ್ ಮೂಲಕ ಅಳಿಸಿ ಮತ್ತೆ ಬರೆಯುವುದು ಅತ್ಯಂತ ಸುಲಭದ ದಾರಿ. ಹಾಗೆ ಮಾಡಿದ ಕ್ಷಣ ಟೈಪ್ ಮಾಡುತ್ತಿದ್ದ ಪೆಟ್ಟಿಗೆ ಮಾಯವಾಗಿ ಅದೇ ರೂಪದ ಬೇರೊಂದು ಪೆಟ್ಟಿಗೆ ಬಂದು ಕೂರುತ್ತದೆ. ಫೋಕಸ್ ಹೋಯಿತು, ಕರ್ಸರ್ ಹೋಯಿತು. ಕನ್ನಡದಲ್ಲಿ ಟೈಪ್ ಮಾಡುವವರಿಗೆ ಇದರ ಪೆಟ್ಟು ಇನ್ನೂ ಜೋರು. ‘ಕ್ಷ’ ಎಂಬ ಒಂದು ಅಕ್ಷರ ಕಂಪ್ಯೂಟರಿನ ಲೆಕ್ಕದಲ್ಲಿ ಕ, ಅರ್ಧಾಕ್ಷರದ ಚಿಹ್ನೆ (್), ಷ ಎಂಬ ಮೂರು ಸಂಕೇತಗಳ ಸರಣಿ. ಬಹಳಷ್ಟು ಕೀಬೋರ್ಡ್‌ಗಳು ಅಕ್ಷರ ಪೂರ್ತಿಯಾಗುವವರೆಗೂ ಅದನ್ನು ‘ರಚನೆಯಾಗುತ್ತಿರುವ’ ಸ್ಥಿತಿಯಲ್ಲಿ ಹಿಡಿದಿಟ್ಟುಕೊಂಡಿರುತ್ತವೆ, ಆ ನಡುವೆಯೂ ಇನ್‌ಪುಟ್ ಇವೆಂಟ್‌ಗಳು ಬರುತ್ತಲೇ ಇರುತ್ತವೆ. ಆ ಹೊತ್ತಿನಲ್ಲಿ ಪೆಟ್ಟಿಗೆಯನ್ನು ಮುಟ್ಟಿದರೆ ಅರ್ಧ ಕಟ್ಟಿದ ಅಕ್ಷರ ಚೂರಾಗುತ್ತದೆ. ಇದಕ್ಕೆ ಬ್ರೌಸರ್‌ನಲ್ಲೇ ಉತ್ತರವಿದೆ: ರಚನೆ ಶುರುವಾದದ್ದನ್ನೂ ಮುಗಿದದ್ದನ್ನೂ ತಿಳಿಸುವ ಕಾಂಪೊಸಿಷನ್ ಇವೆಂಟ್‌ಗಳು, ಈಗ ರಚನೆ ನಡೆಯುತ್ತಿದೆಯೇ ಎಂದು ಹೇಳುವ ಈಸ್‌ಕಂಪೋಸಿಂಗ್ ಎಂಬ ಗುಣ. ಪೆಟ್ಟಿಗೆಯನ್ನು ಹಾಗೇ ಬಿಟ್ಟು ಪಟ್ಟಿಯನ್ನು ಮಾತ್ರ ತಿದ್ದುವುದು, ರಚನೆ ಮುಗಿಯುವವರೆಗೆ ಸೋಸುವುದನ್ನು ತಡೆಹಿಡಿಯುವುದು, ಇವೆರಡನ್ನು ಮಾಡಿದರೆ ತೊಂದರೆ ತೀರುತ್ತದೆ. ದೊಡ್ಡ ಲೈಬ್ರರಿಗಳು ಬದಲಾದ ಭಾಗವನ್ನಷ್ಟೇ ಲೆಕ್ಕಹಾಕಿ ತಿದ್ದಲು ಅಷ್ಟೊಂದು ಸರ್ಕಸ್ ಏಕೆ ಮಾಡುತ್ತವೆ ಎಂಬುದು ಇಂಥ ಪೆಟ್ಟಿಗೆಯೊಂದನ್ನು ಕೈಯಾರೆ ಬರೆದವರಿಗೆ ಚೆನ್ನಾಗಿ ಅರ್ಥವಾಗುತ್ತದೆ.

ಅಷ್ಟಾದ ಮೇಲೂ ಹುಡುಕಾಟ ಕೆಲವೊಮ್ಮೆ ತಪ್ಪುತ್ತದೆ. ‘ಕೊ’ ಎಂಬುದರ ಒತ್ವವನ್ನು ಒಂದೇ ಸಂಕೇತವಾಗಿಯೂ ಎತ್ವ ಮತ್ತು ಊತ್ವಗಳ ಜೋಡಿಯಾಗಿಯೂ ಯೂನಿಕೋಡ್‌ನಲ್ಲಿ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಹೋಲಿಸಿ ನೋಡಿದರೆ ಕಂಪ್ಯೂಟರಿಗೆ ಬೇರೆ ಬೇರೆ. ಇದಕ್ಕಾಗಿ ಹಿಂದೆ ಲೈಬ್ರರಿ ಹುಡುಕಬೇಕಿತ್ತು. 2015ರಿಂದ ನಾರ್ಮಲೈಜ್ ಎಂಬ ವಿಧಾನ ಭಾಷೆಯಲ್ಲೇ ಇದೆ. ಅದೇ ರೀತಿ, ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸಲು ಇಂಟ್ಲ್ ಎಂಬ ಭಂಡಾರದಲ್ಲಿ ಕೊಲೇಟರ್ ಇದೆ. ‘ಒಂದು ದಿನ ಹಿಂದೆ’ ಎಂದು ಕೊಟ್ಟು ಕನ್ನಡದಲ್ಲಿ ಹೇಳು ಎಂದರೆ ‘ನಿನ್ನೆ’ ಎಂದೇ ಹೇಳಬಲ್ಲ ರಿಲೇಟಿವ್‌ಟೈಮ್‌ಫಾರ್ಮ್ಯಾಟ್ ಕೂಡ ಅಲ್ಲೇ ಇದೆ. ಬ್ರೌಸರ್ ಒಳಗೆ ಇಷ್ಟೆಲ್ಲ ತುಂಬಿಟ್ಟಿರುವಾಗ ಅದೇ ಅನುವಾದದ ಕೋಷ್ಟಕಗಳನ್ನು ಇನ್ನೊಮ್ಮೆ ಡೌನ್‌ಲೋಡ್ ಮಾಡಿಸುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ.

ಎಷ್ಟೋ ಕೆಲಸಗಳಿಗೆ ಈಗ ಸ್ಕ್ರಿಪ್ಟೂ ಹೆಚ್ಚು ಬೇಕಿಲ್ಲ. ತೆರೆದು ಮುಚ್ಚುವ ಭಾಗಗಳಿಗೆ ಡೀಟೇಲ್ಸ್ ಎಲಿಮೆಂಟ್ ಇದೆ. ಪುಟದ ಮೇಲೆ ತೇಲುವ ಸಂವಾದ ಪೆಟ್ಟಿಗೆಗೆ ಡೈಲಾಗ್ ಎಲಿಮೆಂಟ್ 2022ರ ಮಾರ್ಚ್ ಹೊತ್ತಿಗೆ ಎಲ್ಲ ಮುಖ್ಯ ಬ್ರೌಸರ್‌ಗಳಿಗೂ ಬಂತು; ಎಸ್ಕೇಪ್ ಒತ್ತಿದರೆ ಮುಚ್ಚುವುದು, ಹಿಂದಿನ ಪುಟವನ್ನು ಮುಟ್ಟಗೊಡದಿರುವುದು, ಮುಚ್ಚಿದ ಮೇಲೆ ಫೋಕಸನ್ನು ಮೊದಲಿದ್ದ ಕಡೆಗೇ ಒಯ್ಯುವುದು ಎಲ್ಲವೂ ಅದರಲ್ಲೇ ಅಡಕ. ಕೈಯಾರೆ ಬರೆದ ಸಂವಾದ ಪೆಟ್ಟಿಗೆಗಳಲ್ಲಿ ಈ ಮೂರೂ ಸರಿಯಾಗಿರುವುದನ್ನು ನಾನು ಕಂಡದ್ದು ಅಪರೂಪ, ಹೆಸರಾಂತ ಲೈಬ್ರರಿಗಳದ್ದೂ ಸೇರಿದಂತೆ.

ಇನ್ನು ಇದರ ಕಷ್ಟದ ಕಡೆ. ಬರಿಯ ಜಾವಾಸ್ಕ್ರಿಪ್ಟ್ ನಿಜವಾಗಿ ನೋಯಿಸುವುದು ಸ್ಥಿತಿಯ, ಅಂದರೆ ಪುಟ ಆಯಾ ಕ್ಷಣಕ್ಕೆ ನೆನಪಿಟ್ಟಿರುವ ಮಾಹಿತಿಯ, ನಿರ್ವಹಣೆಯಲ್ಲಿ. ಮೇಲಿನ ಪುಟಕ್ಕೆ ‘ನೆನಪಿಟ್ಟ ಪುಸ್ತಕಗಳು ಇಷ್ಟು’ ಎಂಬ ಎಣಿಕೆಯನ್ನು ಸೇರಿಸೋಣ. ಆಮೇಲೆ ನೆನಪಿಟ್ಟವನ್ನು ಮಾತ್ರ ತೋರಿಸುವ ಸೋಸುವಿಕೆ, ಆಮೇಲೆ ಎಲ್ಲವನ್ನೂ ಒಮ್ಮೆಗೇ ಅಳಿಸುವ ಬಟನ್. ಬಟನ್ ಒತ್ತಿದಾಗ ಓಡುವ ಒಂದೊಂದು ಫಂಕ್ಷನ್ನೂ ತಾನು ಎಲ್ಲೆಲ್ಲಿ ಏನೇನು ತಿದ್ದಬೇಕೆಂದು ನೆನಪಿಡತೊಡಗಿದರೆ ಎಲ್ಲೋ ಒಂದು ಕಡೆ ಎಣಿಕೆ ಮೂರೆಂದೂ ಪಟ್ಟಿಯಲ್ಲಿ ನಾಲ್ಕೆಂದೂ ತೋರಿಸುವ ದಿನ ಬಂದೇ ಬರುತ್ತದೆ. ರಿಯಾಕ್ಟ್ ಮತ್ತು ಅದರ ಬಳಗ ಮಾಡಿದ ನಿಜವಾದ ಉಪಕಾರ ಇಲ್ಲಿದೆ: ಸ್ಥಿತಿ ಒಂದು ಕಡೆ ಇರಲಿ, ಅದರಿಂದ ಪುಟ ಹೇಗೆ ಕಾಣಬೇಕೆಂದು ಹೇಳಿದರೆ ಸಾಕು, ಅಲ್ಲಿಗೆ ತಲುಪಿಸುವ ಹೊಣೆ ನಮ್ಮದು ಎಂದವು. ಈ ಶಿಸ್ತನ್ನು ಲೈಬ್ರರಿಯಿಲ್ಲದೆಯೂ ಅನುಸರಿಸಬಹುದು. ನಾನು ಒಂದು ಪುಟಕ್ಕೆ ಒಂದೇ ಸ್ಥಿತಿಯ ವಸ್ತು ಇಡುತ್ತೇನೆ, ಅದನ್ನು ಬದಲಿಸುವುದು ಒಂದೇ ಫಂಕ್ಷನ್, ಬದಲಾದೊಡನೆ ಅದು ಒಂದು ಇವೆಂಟ್ ಹೊರಡಿಸುತ್ತದೆ, ಎಣಿಕೆ ಮತ್ತು ಪಟ್ಟಿ ಆ ಇವೆಂಟನ್ನು ಆಲಿಸಿ ತಮ್ಮನ್ನು ತಾವೇ ತಿದ್ದಿಕೊಳ್ಳುತ್ತವೆ. ಕ್ಲಿಕ್ ಆದಾಗ ಪುಟವನ್ನು ನೇರವಾಗಿ ತಿದ್ದುವ ಆಸೆಯನ್ನು ಹತ್ತಿಕ್ಕಿದರೆ ಅರ್ಧಕ್ಕರ್ಧ ಗೊಂದಲ ಹುಟ್ಟುವುದೇ ಇಲ್ಲ.

ಆದರೆ ಇದಕ್ಕೊಂದು ಗೆರೆಯಿದೆ. ಸ್ಥಿತಿಗೆ ಒಂದು ಕ್ಲಾಸ್ ಬಂತು, ತಿದ್ದುವುದಕ್ಕೆ ಸಹಾಯಕ ಫಂಕ್ಷನ್‌ಗಳು ಬಂದವು, ಪಟ್ಟಿಯ ಸಾಲುಗಳನ್ನು ಗುರುತಿನ ಸಂಖ್ಯೆಯಿಂದ ಹೊಂದಿಸುವ ಕೋಡ್ ಬಂತು ಎಂದರೆ ಬರೆಯುತ್ತಿರುವುದು ಪುಟವಲ್ಲ, ಇನ್ನೊಂದು ಫ್ರೇಮ್‌ವರ್ಕ್. ಅದಕ್ಕೆ ದಾಖಲೆಯಿಲ್ಲ, ಪರೀಕ್ಷೆಗಳಿಲ್ಲ, ಗೊತ್ತಿರುವವರು ಒಬ್ಬರೇ. ಅಂಥ ಕೋಡ್ ನೋಡಿ ಮುಂದೆ ಬರುವವರು ಶಪಿಸಿದರೆ ತಪ್ಪಿಲ್ಲ. ಒಂದೇ ಪರದೆಯಲ್ಲಿ ಹತ್ತಾರು ಭಾಗಗಳು ಒಂದಕ್ಕೊಂದು ತಾಗಿಕೊಂಡು ಸದಾ ಬದಲಾಗುತ್ತಿರುವ ಅಪ್ಲಿಕೇಶನ್ನಿಗೆ, ಹಲವು ತಂಡಗಳು ಕೂಡಿ ಕಟ್ಟುವ ತಾಣಕ್ಕೆ ಹೆಸರಾಂತ ಲೈಬ್ರರಿಯೇ ಸರಿ. ಓದುವುದಕ್ಕಿರುವ ಪುಟ, ಅದರಲ್ಲಿ ಅಲ್ಲಲ್ಲಿ ಒಂದಷ್ಟು ಚಟುವಟಿಕೆ, ನೋಡಿಕೊಳ್ಳುವ ಕೈಗಳು ಒಂದೋ ಎರಡೋ, ಉಳಿಯಬೇಕಾದ ಕಾಲ ದೀರ್ಘ ಎಂದಿದ್ದಲ್ಲಿ ಬರಿಯ ಜಾವಾಸ್ಕ್ರಿಪ್ಟ್ ಸರಿ. ಜಗತ್ತಿನ ತಾಣಗಳಲ್ಲಿ ಹೆಚ್ಚಿನವು ಎರಡನೆಯ ಬಗೆಯವು ಎಂಬುದು ನನ್ನ ಅಂದಾಜು. ಅವನ್ನು ಮೊದಲನೆಯ ಬಗೆಯ ಸಲಕರಣೆಗಳಿಂದ ಕಟ್ಟುವುದು ಮಾತ್ರ ರೂಢಿಯಾಗಿಬಿಟ್ಟಿದೆ.

ಲೈಬ್ರರಿ ಬಿಟ್ಟಾಗ ಅದು ಸದ್ದಿಲ್ಲದೆ ಮಾಡುತ್ತಿದ್ದ ಕಾವಲು ಕೆಲಸವೂ ನಮ್ಮ ಹೆಗಲಿಗೆ ಬರುತ್ತದೆ. ಬಳಕೆದಾರರು ಬರೆದ ಮಾತನ್ನು ರಿಯಾಕ್ಟ್ ಮಾಮೂಲಿಯಾಗಿ ಬರಿಯ ಪಠ್ಯವೆಂದೇ ತೋರಿಸುತ್ತದೆ. ಇನ್ನರ್‌ಎಚ್‌ಟಿಎಂಎಲ್‌ಗೆ ಅಂಥ ಎಚ್ಚರವಿಲ್ಲ. ಅದರ ಮೂಲಕ ಸೇರಿಸಿದ ಸ್ಕ್ರಿಪ್ಟ್ ಟ್ಯಾಗ್ ಓಡುವುದಿಲ್ಲ ಎಂದು ಓದಿ ಧೈರ್ಯವಾಗಿರುವವರಿದ್ದಾರೆ. ಆದರೆ ಇಲ್ಲದ ಚಿತ್ರವೊಂದರ ವಿಳಾಸ ಕೊಟ್ಟು, ಚಿತ್ರ ಸಿಗದಿದ್ದಾಗ ಓಡಬೇಕಾದ ಕೋಡನ್ನು ಆ ಚಿತ್ರದ ಟ್ಯಾಗಿನೊಳಗೇ ಇಟ್ಟರೆ ಅದು ಓಡಿಯೇ ಓಡುತ್ತದೆ. ಹೊರಗಿನಿಂದ ಬಂದ ಮಾತಿಗೆ, ಅದನ್ನು ಬರಿಯ ಪಠ್ಯವಾಗಿ ಸೇರಿಸುವ ಟೆಕ್ಸ್ಟ್‌ಕಂಟೆಂಟ್ ಒಂದೇ ದಾರಿ ಎಂಬ ನಿಯಮವನ್ನು ಕಡ್ಡಾಯ ಮಾಡಿಕೊಳ್ಳಲಾಗದವರು ಲೈಬ್ರರಿಯ ಆಶ್ರಯದಲ್ಲೇ ಇರುವುದು ಕ್ಷೇಮ.

ಉಳಿದ ಸೌಕರ್ಯಗಳಲ್ಲಿ ಕಳೆದುಕೊಳ್ಳುವುದು ಹೆಚ್ಚೇನಿಲ್ಲ. ಮಾಡ್ಯೂಲ್‌ಗಳನ್ನು (ಕೋಡಿನ ಬಿಡಿ ಫೈಲುಗಳನ್ನು) ಬ್ರೌಸರ್‌ಗಳು 2018ರಿಂದ ನೇರವಾಗಿ ಓದುತ್ತವೆ, 2023ರಿಂದ ಇಂಪೋರ್ಟ್ ಮ್ಯಾಪ್ (ಮಾಡ್ಯೂಲಿನ ಹೆಸರಿಗೆ ಅದರ ವಿಳಾಸ ಹೇಳುವ ಪಟ್ಟಿ) ಕೂಡ ಎಲ್ಲ ಕಡೆ ಇದೆ. ಬಿಲ್ಡ್ ಎಂಬ ಹಂತವೇ ಇಲ್ಲದೆ ಕೋಡನ್ನು ಹಲವು ಫೈಲುಗಳಾಗಿ ಇಟ್ಟುಕೊಳ್ಳಬಹುದು. ಟೈಪ್‌ಗಳ (ಮಾಹಿತಿಯ ಬಗೆಗಳ) ತಪಾಸಣೆ ಬೇಕೆಂದರೆ ಕಾಮೆಂಟ್‌ಗಳಲ್ಲೇ ಟೈಪ್ ಬರೆದು ಎಡಿಟರ್‌ನಿಂದ ಪರೀಕ್ಷೆ ಮಾಡಿಸಬಹುದು. 2023ರಲ್ಲಿ ಸ್ವೆಲ್ಟ್ ಎಂಬ ಫ್ರೇಮ್‌ವರ್ಕ್‌ನ ತಂಡ ತನ್ನ ಸ್ವಂತ ಕೋಡನ್ನೇ, ಟೈಪ್‌ಗಳನ್ನು ಕೂಡಿಸಿಕೊಂಡ ಭಾಷೆಯಾದ ಟೈಪ್‌ಸ್ಕ್ರಿಪ್ಟ್‌ನಿಂದ ಈ ಕಾಮೆಂಟ್ ಶೈಲಿಗೆ ಬದಲಿಸಿಕೊಂಡಿತು.

ಹಳೆಯದನ್ನು ಮುರಿಯುವುದಿಲ್ಲ ಎಂಬ ನೇಮಕ್ಕೆ ಒಂದು ಬೆಲೆಯಿದೆ, ತಪ್ಪುಗಳೂ ಶಾಶ್ವತವಾಗುತ್ತವೆ. ಅದರ ಎದ್ದುಕಾಣುವ ಉದಾಹರಣೆ ದಿನಾಂಕ. 1995ರ ಅವಸರದಲ್ಲಿ ಜಾವಾ ಎಂಬ ಬೇರೊಂದು ಭಾಷೆಯಿಂದ ಎತ್ತಿಕೊಂಡ ಡೇಟ್ ವಸ್ತುವಿನಲ್ಲಿ ಜನವರಿ ಸೊನ್ನೆಯ ತಿಂಗಳು. ಜಾವಾ ತನ್ನ ಡೇಟ್‌ನ ಬಹುಪಾಲು ವಿಧಾನಗಳನ್ನು ಬಳಸಬೇಡಿ ಎಂದು ಕೆಲವೇ ವರ್ಷಗಳಲ್ಲಿ ಹೇಳಿತು, ಜಾವಾಸ್ಕ್ರಿಪ್ಟ್‌ನಲ್ಲಿ ಅವು ಹಾಗೆಯೇ ಉಳಿದವು. ಈ ಕೊರತೆಯನ್ನು ತುಂಬಲು 2011ರಲ್ಲಿ ಬಂದ ಮೊಮೆಂಟ್ ಲೈಬ್ರರಿ ಎಲ್ಲೆಡೆ ಹರಡಿತು. 2020ರಲ್ಲಿ ಅದರ ತಂಡವೇ, ಇನ್ನು ಹೊಸದೇನೂ ಸೇರಿಸುವುದಿಲ್ಲ, ಹೊಸ ಕೆಲಸಗಳಿಗೆ ಬೇರೆಯದನ್ನು ಆರಿಸಿಕೊಳ್ಳಿ ಎಂದು ಪ್ರಾಮಾಣಿಕವಾಗಿ ಹೇಳಿತು. ಭಾಷೆಯೊಳಗೆ ಇದಕ್ಕೆ ಉತ್ತರವಾಗಿ ರೂಪುಗೊಂಡ ಟೆಂಪೊರಲ್ 2025ರಲ್ಲಿ ಫೈರ್‌ಫಾಕ್ಸ್‌ನಿಂದ ಮೊದಲ್ಗೊಂಡು ಬ್ರೌಸರ್‌ಗಳಿಗೆ ಬರತೊಡಗಿದೆ. ಅದು ಎಲ್ಲರ ಫೋನುಗಳಿಗೂ ತಲುಪುವವರೆಗೆ ಕಾಲವಲಯಗಳ ಲೆಕ್ಕಕ್ಕೆ ನಾನು ಒಂದು ಸಣ್ಣ ಲೈಬ್ರರಿಯನ್ನು ಬಳಸುತ್ತೇನೆ. ನಕಾಶೆ ಮತ್ತು ಗ್ರಾಫುಗಳಿಗೂ ಹಾಗೆಯೇ ಬೇರೆಯವರ ಕೋಡನ್ನು ಸಂತೋಷದಿಂದ ಬಳಸುತ್ತೇನೆ. ಅದನ್ನು ಬೇರೆಯವರ ಸರ್ವರ್‌ನಿಂದ ತರಿಸದೆ ನನ್ನ ಫೋಲ್ಡರ್‌ನಲ್ಲೇ ಇಡುತ್ತೇನೆ, ಒಂದೇ ಮಾಡ್ಯೂಲ್ ಅದನ್ನು ಇಂಪೋರ್ಟ್ ಮಾಡುತ್ತದೆ, ಉಳಿದ ಕೋಡೆಲ್ಲ ಆ ಮಾಡ್ಯೂಲಿನ ಜೊತೆ ಮಾತ್ರ ಮಾತಾಡುತ್ತದೆ. ಟೆಂಪೊರಲ್ ಪೂರ್ತಿಯಾಗಿ ಬಂದ ಮೇಲೆ ತಿದ್ದಬೇಕಾದದ್ದು ಆ ಒಂದು ಫೈಲಿನ ಒಳಭಾಗ ಮಾತ್ರ, ದಿನಾಂಕ ತೋರಿಸುವ ಪುಟಗಳಲ್ಲಿ ಯಾವುದನ್ನೂ ತೆರೆಯಬೇಕಾಗುವುದಿಲ್ಲ.